ಅಡುಗೆಮನೆಯ ಗಂಟೆ

ಯಾರ ವಾದ ದಾರಿ ತಪ್ಪಿದರೂ ಟಣ್ ಎನ್ನುವ ಗಂಟೆ ಎಲ್ಲರ ಮನೆಯಲ್ಲಿರುವಂತೆ ಸುನಂದಾಳ ಅಡುಗೆಮನೆಯಲ್ಲೂ ಇತ್ತು.

“ಆ ಮೃದುಲಾ ನಿಮ್ಮ ಆಫೀಸಿಗೆ ಬಂದ್ಮೇಲೇ ನೀವು ತಲೆಗೆ ಬಣ್ಣ ಹಚ್ಚಿದ್ದು. ಅಂದ್ರೆ ಅವಳಿಗೋಸ್ಕರಾನೇ!”

ಟಣ್!

“ಒಂದಾದ್ಮೇಲೆ ಇನ್ನೊಂದು ಆದ್ರೆ, ಮೊದಲನೇದೇ ಕಾರಣ ಆಗ್ಬಿಡುತ್ತಾ?” ಗಂಡ ಶ್ರೀಪತಿ ದೋಸೆ ಮುರಿಯುತ್ತ ನಕ್ಕ.

ಅವಳು ಸೌಟನ್ನು ಕಾವಲಿಯ ಮೇಲೆ ಕುಕ್ಕಿದಳು. “ಎದುರುಮನೆಯವನು ಹೆಂಡ್ತಿಗೆ ಮೋಸ ಮಾಡ್ದ. ಗಂಡಸರೆಲ್ಲ ಹಾಗೇ!”

ಟಣ್!

“ಒಬ್ಬನ್ನ ನೋಡಿ ಎಲ್ಲರನ್ನೂ ಬೈತೀಯಲ್ಲೇ!”

ಸುನಂದಾ ಒಲೆ ಆರಿಸಿದಳು. “ವಾದ ಬೇಡ. ಅವಳ ಮೇಲೆ ನಿಮಗೆ ಮನಸ್ಸಿದೆಯಾ?”

ಶ್ರೀಪತಿಯ ತುತ್ತು ಕೈಯಲ್ಲೇ ಉಳಿಯಿತು. “ಇಲ್ಲ,” ಎಂದ.

ಗಂಟೆ ಸುಮ್ಮನಿತ್ತು. ಅದಕ್ಕೆ ತಿಳಿಯುವುದು ತಪ್ಪು ವಾದ ಮಾತ್ರ. ಸುಳ್ಳು ಹಿಡಿಯುವುದು ಇನ್ನೂ ಹೆಂಡತಿಯರ ಕೆಲಸವೇ. ಸುನಂದಾ ಅವನ ಮುಂದಿದ್ದ ತಟ್ಟೆ ಎತ್ತಿಕೊಂಡಳು.