ನಮ್ಮವರ ಶಾಲು

“ಹೊರಗಿನವರ ಐದೂ ಶಾಲಿನ್ಯಾಗಿನ ಆನಿ ತಗದು ಹಾಕ್ರಿ. ನಮ್ಮವರ ಶಾಲಿನ್ಯಾಗ ಇದ್ರ ಸಾಕು.”

ರೋಹಿತ ಹೀಗೆ ಹೇಳಿದ್ದೇ ತಡ, ಮುರಿಗೆವ್ವ ಇಸ್ತ್ರಿಪೆಟ್ಟಿಗೆಯನ್ನು ದಪ್ಪೆಂದು ಪಕ್ಕಕ್ಕಿಟ್ಟಳು. ನವನಗರದ ಆ ಪುಟ್ಟ ಕಸೂತಿ ಕೇಂದ್ರ ಅವಳೇ ಕಟ್ಟಿದ್ದು. ಮೇಜಿನ ಮೇಲೆ ಐದು ರೇಷ್ಮೆ ಶಾಲು, ಮೂಲೆಯಲ್ಲಿ ಕೂತ ಅಬೀದಾಳ ಮಡಿಲಲ್ಲಿ ಆರನೆಯದು. ಒಂದೊಂದಕ್ಕೂ ಒಂದೊಂದು ದೇಶದ ಹೆಸರಿನ ಚೀಟಿ. ಒಂದೊಂದರ ಅಂಚಿನಲ್ಲೂ ಅಂಗೈಯಗಲದ ಆನೆ, ಅದರ ಬೆನ್ನ ಮೇಲೆ ಅಂಬಾರಿ. ಸಮುದ್ರ ಕಾಯುವ ವಿಚಾರವಾಗಿ ನಾಡಿದ್ದು ಗೋವಾದಲ್ಲಿ ನೆರೆಯ ಐದು ದೇಶಗಳ ಮಂತ್ರಿಗಳು ನಮ್ಮ ಮಂತ್ರಿಗಳ ಜೊತೆ ಕೂಡುವವರಿದ್ದರು. ಮಾತುಕತೆ ಮುಗಿದ ಮೇಲೆ ಆರೂ ಜನ ಈ ಶಾಲು ಹೊದ್ದು ಫೋಟೋ ತೆಗೆಸಿಕೊಳ್ಳಬೇಕು. ಶಾಲು ಒಯ್ಯಲು ದಿಲ್ಲಿಯ ಕಚೇರಿಯಿಂದ ಬಂದ ರೋಹಿತ ಧಾರವಾಡದಲ್ಲೇ ಹುಟ್ಟಿ ಬೆಳೆದವನು. ಹೊರಗೆ ಅವನ ಕಾರು ಎಂಜಿನ್ ಆರಿಸದೆ ನಿಂತಿತ್ತು.

“ಯಾಕ್ರಿ ಸಾಹೇಬ್ರ, ಆನಿ ಕಡೀತೈತೇನು?”

“ಹಂಗಲ್ಲವಾ. ಆರೂ ಮಂದಿ ಒಂದ ನಮೂನಿ ಕಂಡ್ರ ಹಿರೇರು ಯಾರು ಅಂತ ಫೋಟೋದಾಗ ಗೊತ್ತಾಗಬೇಕಲ್ಲ? ಆ ಸಮುದ್ರದಾಗ ಹೆಚ್ಚಿನ ಹಡಗು ನಮ್ಮವು, ಕಾಯೋರು ನಾವು. ಮ್ಯಾಲಿನವರು ಇವತ್ತು ಮುಂಜಾನೆ ಮೊಬೈಲಿನ್ಯಾಗ ಶಾಲು ನೋಡಿ ಹೇಳ್ಯಾರ. ಉಳಿದವರಿಗೆ ಬರೇ ಅಂಚು ಇದ್ರ ನಡೀತದ.”

ಅಬೀದಾ ತಲೆ ಎತ್ತಿದಳು. ಅವಳ ಮಡಿಲಲ್ಲಿದ್ದದ್ದು ಮಾಲ್ಡೀವ್ಸಿನ ಶಾಲು. ಎಳೆ ಎಣಿಸಿ ಎಣಿಸಿ ಆ ಒಂದು ಆನೆಗೆ ಇಪ್ಪತ್ತಾರು ದಿನ ಕೂತಿದ್ದಳು. ರೋಜಾ ಹಿಡಿದ ದಿನಗಳಲ್ಲೂ ಬಿಟ್ಟಿರಲಿಲ್ಲ. ಕಸೂತಿಗೆ ಗಂಟು ಹಾಕುವುದಿಲ್ಲ. ದಾರದ ತುದಿ ಹುಡುಕಿ ಸೂಜಿಯ ಮೊನೆಯಿಂದ ಎಬ್ಬಿಸಿದರೆ ಇಪ್ಪತ್ತಾರು ದಿನದ ಕೆಲಸ ಅರ್ಧ ತಾಸಿನಲ್ಲಿ ಮಾಯ. ಅವಳು ಶಾಲನ್ನು ಹೊಟ್ಟೆಗೆ ಅವಚಿಕೊಂಡಳು.

“ಅದಂತೂ ಭಾಳ ಸಣ್ಣ ದೇಶ,” ಎಂದ ರೋಹಿತ ಅವಳತ್ತ ನೋಡಿ. “ಇಡೀ ದೇಶ ಕೂಡಿದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟು ಮಂದಿ ಇರಬೇಕು.”

“ಮಂದಿ ಎಣಿಸಿ ಕರದೀರೇನ್ರಿ ಅವರನ್ನ?” ಮುರಿಗೆವ್ವನ ದನಿ ಏರಿತು. “ಇಲ್ಲಾ ತಾವಾಗೇ ಬರಾಕತ್ತಾರೋ?”

“ನಾವ ಕರದೇವಿ.”

“ಮತ್ತ? ಲಗ್ನದಾಗ ಬೀಗರಿಗೆ ಆಹೇರ ಮಾಡೂದು ನೋಡಿಲ್ಲೇನು ನೀವು? ಬೀಗರ ಕೈಯಾಗ ಬೋಳು ಅಂಚಿನ ಸೀರಿ ಇಟ್ಟು, ನಿಮ್ಮವ್ವ ಜರತಾರಿ ಸೀರಿ ಉಟ್ಟು ಬಾಜೂಕ ನಿಂತು ಫೋಟೋ ತಗಿಸಿಕೊಂಡ್ರ ಹೆಂಗಿರತೈತಿ? ಬಾಯಿಲೆ ಏನೂ ಅನ್ನೂದಿಲ್ಲ ಅವರು. ನಕ್ಕೋತ ಉಂಡು, ಕೈ ತೊಳಕೊಂಡು, ಸೀದಾ ಹೋಗಿ ನಿಮಗಾಗದವರ ಮನ್ಯಾಗ ಕುಂಡ್ರತಾರ.”

ರೋಹಿತನ ಮೋರೆ ಕೆಂಪಾಯಿತು. ಆಗದವರ ಮನೆ ಯಾವುದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯಾವ ದ್ವೀಪದಲ್ಲಿ ಆ ಆಗದ ದೇಶದವರ ಹಡಗು ಬಂದು ನಿಂತಿತು, ಯಾರಿಗೆ ಅವರು ಬಂದರು ಕಟ್ಟಿಕೊಟ್ಟರು ಎಂಬ ಕಾಗದಗಳನ್ನೇ ದಿಲ್ಲಿಯಲ್ಲಿ ಅವನು ದಿನಾ ಹೊತ್ತು ತಿರುಗುತ್ತಿದ್ದ.

“ಇದು ಲಗ್ನ ಅಲ್ಲವಾ, ದೇಶದ ಕೆಲಸ. ಮುಂದ ವರ್ಷಾನ ವರ್ಷ ನಿಮ್ಮ ಕೇಂದ್ರಕ್ಕ ಆರ್ಡರ್ ಬರೂದದ. ಇಲ್ಲಿ ದುಡಿಯೋ ಹನ್ನೆರಡು ಹೆಣ್ಣುಮಕ್ಕಳ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ? ಫರಕು ಕಾಣಬೇಕು, ಅಷ್ಟ. ಒಂದು ತಾಸು ಕೊಡತೇನಿ. ಇಲ್ಲಾಂದ್ರ ಹೊರಗಿಂದ ಬ್ಯಾರೆ ಶಾಲು ಕೊಂಡು ಹೋಗತೇನಿ.”

ಹನ್ನೆರಡು ಹೆಣ್ಣುಮಕ್ಕಳು! ಮುರಿಗೆವ್ವನ ಕಣ್ಣಮುಂದೆ ಒಬ್ಬೊಬ್ಬಳ ಮುಖವೂ ಹಾದುಹೋಯಿತು. ಬಾಯಿಗೆ ಬಂದ ಬೈಗುಳ ನುಂಗಿಕೊಂಡಳು. ಅಬೀದಾಳ ಕಡೆ ಒಮ್ಮೆ ನೋಡಿದಳು. ಆಮೇಲೆ ಮೇಜಿನ ಮೇಲಿಂದ ‘ಭಾರತ’ ಎಂಬ ಚೀಟಿ ಇದ್ದ ಶಾಲನ್ನು ಎಳೆದುಕೊಂಡು ಕೂತು, ಅಂಬಾರಿಯ ನೆತ್ತಿಯ ಮೇಲಿನ ಕಳಸಕ್ಕೆ ಸೂಜಿ ಹಾಕಿದಳು. ಒಂದು ಎಳೆ ಮೇಲೆದ್ದಿತು. ಬೆರಳಿಗೆ ಸುತ್ತಿ ಎಳೆದಳು. ಕಳಸ ಹೋಯಿತು.

“ಏ, ಏ! ಅದು ನಮ್ಮದು!” ರೋಹಿತ ಶಾಲಿನ ಇನ್ನೊಂದು ತುದಿ ಹಿಡಿದ.

“ನಮ್ಮದಂತನ ಕೈ ಹಚ್ಚೇನಿ. ಇದಕ್ಕ ಹೊಲಿಗಿ ಹಾಕಿದಾಕಿ ನಾನು, ಬಿಚ್ಚಾಕಿನೂ ನಾನ. ಫರಕು ಕಾಣಬೇಕು ಅಂದ್ರಿಲ್ಲೋ? ಕಾಣತೈತಿ. ಬಿಡ್ರಿ, ಜಗ್ಗಿದ್ರ ಹರೀತೈತಿ.”

ಅವನು ಬಿಟ್ಟ. ಬಿಡದೆ ಗತ್ಯಂತರವಿರಲಿಲ್ಲ.

“ಮ್ಯಾಲಿನವರಿಗೆ ನಾ ಏನಂತ ಹೇಳ್ಲಿ?”

“ಮುರಿಗೆವ್ವ ಅನ್ನಾಕಿ ಮಾತು ಕೇಳಲಿಲ್ಲ ಅಂತ ಹೇಳ್ರಿ. ಆರ್ಡರ್ ತಪ್ಪಿದ್ರ ತಪ್ಪಲಿ. ಈ ಹನ್ನೆರಡೂ ಮಂದೀನ ಕರಕೊಂಡು ಸಂತಿ ಸಂತಿ ತಿರಗತೇನಿ. ಮನಿಗೆ ಕರದವರ ಮೈಮ್ಯಾಲಿನ ಆನಿ ಮಾತ್ರ ನಾ ಇಳಸಾಕಿ ಅಲ್ಲ.”

ಕಳಸದ ಹಿಂದೆ ಗೋಪುರ ಹೋಯಿತು, ಗೋಪುರದ ಹಿಂದೆ ಕಂಬಗಳು. ಆನೆಯ ಬೆನ್ನಿಗೆ ಬಂದೊಡನೆ ಮುರಿಗೆವ್ವ ಸೂಜಿ ನಿಲ್ಲಿಸಿದಳು. ಒದ್ದೆ ಅರಿವೆ ಹಾಸಿ ಇಸ್ತ್ರಿ ಆಡಿಸಿ, ಶಾಲನ್ನು ಉಳಿದವುಗಳ ಮಗ್ಗುಲಲ್ಲಿ ಹರವಿದಳು. ಸಾಲಿನಲ್ಲಿ ಅದೊಂದೇ ಬರಿಬೆನ್ನಿನ ಆನೆ.

ರೋಹಿತನ ಫೋನು ರಿಂಗಣಿಸಿತು. ಅವನು ಶಾಲುಗಳನ್ನೊಮ್ಮೆ, ಮುರಿಗೆವ್ವನನ್ನೊಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ, ಹೌದು ಸರ್, ಫರಕು ಮಾಡಿಸಿದ್ದೇನೆ ಸರ್, ಎಲ್ಲರಿಗೂ ಕಾಣುವಂತಿದೆ, ಎಂದಷ್ಟೇ ಹೇಳಿ ಫೋನು ಕಿಸೆಗಿಳಿಸಿದ. ಆಮೇಲೆ ತಾನೇ ಬಾಗಿ ಒಂದೊಂದೇ ಶಾಲು ಮಡಚತೊಡಗಿದ.

ಅಬೀದಾ ಎದ್ದು ಬಂದು ತನ್ನ ಶಾಲನ್ನು ಅವನ ಕೈಗೆ ಕೊಟ್ಟಳು. ಮಡಚಲು ಉಳಿದಿದ್ದ ನಮ್ಮವರ ಶಾಲಿನ ಮೇಲೆ ಬೆರಳಾಡಿಸಿ ಹೇಳಿದಳು:

“ಅಕ್ಕಾ, ಇಲ್ಲಿ ನೋಡ್ರಿ. ಅಂಬಾರಿ ಇಳದ ಮ್ಯಾಲ ಈಗ ನಮ್ಮ ಆನಿ ಯಾರ ಮನಿ ಬಾಗಲದಾಗಾದ್ರೂ ಒಳಗ ಹೋಗತೈತಿ.”