ಸಾಕುವವರಿಗೆ ಮಾತ್ರ

“ತೊಡೆ ಯಾಕ್ರೀ ಹಿಚುಕ್ತೀರಾ? ಸಾಕೋರು ಯಾರಾದ್ರೂ ತೊಡೆ ಹಿಚುಕಿ ನೋಡ್ತಾರಾ?”

ವಿಶಾಲಾಕ್ಷಮ್ಮ ಗದರಿದ ಜೋರಿಗೆ ಶಿರಂಗಾಲದ ಹರಾಜುಕಟ್ಟೆಯಲ್ಲಿ ಕುರಿಗಳೂ ಒಂದು ಕ್ಷಣ ಸುಮ್ಮನಾದವು. ಹಿಚುಕಿದವನು ಅಮ್ಮತ್ತಿಯ ಬಳಿ ಹೋಂಸ್ಟೇ ನಡೆಸುವ ಶಶಿಕುಮಾರ್. ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಎಳೆದುಕೊಂಡ.

ಹಗ್ಗದ ತುದಿಯಲ್ಲಿದ್ದದ್ದು ದೊರೆ ಎಂಬ ಟಗರು. ಹೋದ ವರ್ಷ ಗೊಬ್ಬರಕ್ಕೆಂದು ಗದ್ದೆಯಲ್ಲಿ ಮಂದೆ ನಿಲ್ಲಿಸಿದ್ದ ಕುರಿಗಾಹಿಗಳು, ತಾಯಿ ಸತ್ತ ಮರಿಯೊಂದನ್ನು ವಿಶಾಲಾಕ್ಷಮ್ಮನ ಮಡಿಲಿಗೆ ಹಾಕಿ ಹೋಗಿದ್ದರು. ಮೊಟ್ಟೆಯ ಹೆಸರನ್ನೂ ಎತ್ತದ ಆ ಮನೆಯಲ್ಲಿ ಅದು ಬಾಟಲಿ ಹಾಲು ಕುಡಿದು, ದಿನಾ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬೆಳೆಯಿತು. ಬೆಳೆದದ್ದೇ ಕಾಫಿ ಸಸಿಗಳ ತಲೆ ತಿಂದು, ಆಮೇಲೆ ಯಜಮಾನ ಕಲ್ಲೇಶಪ್ಪನವರ ತಲೆಗೂ ಬಾಯಿ ಹಾಕಿತು. ಮಾರೋಣ ಎಂದರು ಗಂಡ. ಸಾಕುವವರಿಗೆ ಮಾತ್ರ ಎಂದರು ಹೆಂಡತಿ. ಕಲ್ಲೇಶಪ್ಪನವರಿಗೆ ಪುಣ್ಯವೂ ಬೇಕಿತ್ತು, ರೇಟೂ ಬೇಕಿತ್ತು.

ಮೊದಲು ಕೂಗಿದವನು ಸಿದ್ದಾಪುರದವನು. ಹೆಸರು ತೀರ್ಥಪ್ರಸಾದ್. ಕಲ್ಲೇಶಪ್ಪನವರ ಮುಖ ಅರಳಿತು. “ನೋಡೇ, ಹೆಸರಲ್ಲೇ ತೀರ್ಥ, ಹೆಸರಲ್ಲೇ ಪ್ರಸಾದ! ಸಾಕ್ತೀರಲ್ಲ ಸ್ವಾಮಿ?”

“ಸಾಕ್ತೀನಿ.”

“ಎಲ್ಲೀವರ್ಗೂ?”

“ಭಾನುವಾರದವರೆಗೆ. ನಂದು ಮಟನ್ ಸ್ಟಾಲು ಸಾರ್, ಸುಳ್ಳು ಯಾಕೆ ಹೇಳ್ಲಿ?”

ವಿಶಾಲಾಕ್ಷಮ್ಮ ಹಗ್ಗ ಎಳೆದುಕೊಂಡರು. ತೀರ್ಥಪ್ರಸಾದ್ ರೇಟು ಏರಿಸಿದ. ಕಲ್ಲೇಶಪ್ಪನವರು ಹೆಂಡತಿಯ ಕಿವಿಯತ್ತ ಬಾಗಿದರು. “ಸತ್ಯವಂತ ಕಣೇ. ಈ ಕಾಲದಲ್ಲಿ ಇಂಥೋರು ಎಲ್ಲಿ ಸಿಗ್ತಾರೆ?”

“ಹಂಗಾದ್ರೆ ಆ ಸತ್ಯವಂತನ್ನ ಮನೆಗೆ ಕರ್ಕೊಂಡು ಹೋಗಿ ಸಾಕಿ. ದೊರೇನ ಕೊಡಲ್ಲ.”

ಇದನ್ನೆಲ್ಲ ಕೇಳುತ್ತಿದ್ದ ಶಶಿಕುಮಾರ್ ಅಷ್ಟರಲ್ಲಿ ಪಾಠ ಕಲಿತಿದ್ದ. ದೊರೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗದ್ದ ನೇವರಿಸಿದ. “ಅಮ್ಮಾ, ನಂಗೆ ಸಾಕೋಕೇ ಬೇಕಾಗಿರೋದು. ನಮ್ಮ ಗೆಸ್ಟುಗಳಿಗೆ ಕುರಿ ಅಂದ್ರೆ ಪ್ರಾಣ.”

ಹರಾಜು ಕೂಗುವವನಿಗೆ ಕೆಮ್ಮು ಬಂತು. ತೀರ್ಥಪ್ರಸಾದ್ ಆಕಾಶ ನೋಡಿದ.

“ಆಣೆ?” ಎಂದರು ವಿಶಾಲಾಕ್ಷಮ್ಮ.

“ಗೆಸ್ಟುಗಳಾಣೆ. ಆದ್ರೆ ಸಾಕೋರಿಗೆ ರೇಟಲ್ಲಿ ಸ್ವಲ್ಪ ಕನ್ಸೆಶನ್ ಮಾಡ್ಬೇಕು ಅಮ್ಮಾ, ಜೀವನಪೂರ್ತಿ ಹುಲ್ಲು ಹಾಕ್ಬೇಕಲ್ಲ!”

ಕನ್ಸೆಶನ್ ಸಿಕ್ಕಿತು. ವಿಶಾಲಾಕ್ಷಮ್ಮ ದೊರೆಯ ಹಣೆಗೆ ಹೊಸದಾಗಿ ವಿಭೂತಿ ಹಚ್ಚಿ, ಕುತ್ತಿಗೆ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಅದು ಅವರ ಸೆರಗಿನ ಅಂಚು ಅಗಿಯುತ್ತಾ ನಿಂತಿತು. “ಸೋಮವಾರ ಸೋಮವಾರ ಫೋನ್ ಮಾಡ್ತೀನಿ. ದೊರೆಯ ದನಿ ಕೇಳಿಸ್ಬೇಕು, ಆಯ್ತಾ?” ಶಶಿಕುಮಾರ್ ಎದೆ ಮುಟ್ಟಿಕೊಂಡು ತಲೆಯಾಡಿಸಿದ. ಜೀಪಿನ ಹಿಂದುಗಡೆ, ಇದ್ದಿಲಿನ ಮೂಟೆಗಳ ಪಕ್ಕ, ದೊರೆಗೆ ಜಾಗವಾಯಿತು. ಮೂಟೆಗಳನ್ನು ಗಂಡ ಹೆಂಡತಿ ಇಬ್ಬರೂ ನೋಡಿದರು. ನೋಡಿದೆವೆಂದು ಇಬ್ಬರೂ ಹೇಳಲಿಲ್ಲ.

ಅಂದಿನಿಂದ ದೊರೆ ಮಾತು ತಪ್ಪಲಿಲ್ಲ. ಸೋಮವಾರ ಪೂಜೆ ಮುಗಿಸಿ ಫೋನ್ ಹಚ್ಚಿದರೆ ಸಾಕು, ಸ್ಪೀಕರಿನಲ್ಲಿ ಉದ್ದಕ್ಕೆ “ಮ್ಯಾ...” ಬರುತ್ತಿತ್ತು. “ಕೇಳಿದೆಯಾ, ಹೊಟ್ಟೆ ತುಂಬಿದ ದನಿ!” ಎಂದು ಕಲ್ಲೇಶಪ್ಪನವರು ಹಿಗ್ಗುತ್ತಿದ್ದರು. ದೀಪಾವಳಿಗೆ ಎರಡು ಸಲ ಜಾಸ್ತಿಯೇ ಕೂಗಿತು.

ಮಳೆಗಾಲ ಹಿಡಿದ ಒಂದು ಸೋಮವಾರ “ಮ್ಯಾ” ಅರ್ಧಕ್ಕೇ ಒಡೆದು, ಕೆಮ್ಮಾಗಿ, ಕೊನೆಗೆ ಒಂದು ದೊಡ್ಡ ಸೀನಿನಲ್ಲಿ ಮುಗಿಯಿತು. ಅದರ ಬೆನ್ನಿಗೇ “ಅಯ್ಯಪ್ಪಾ!” ಎಂಬ ನರಳಾಟ. ಕಲ್ಲೇಶಪ್ಪನವರು ಪೇಪರನ್ನು ಮುಖದ ಮೇಲಕ್ಕೆ ಏರಿಸಿಕೊಂಡರು.

ವಿಶಾಲಾಕ್ಷಮ್ಮ ಫೋನನ್ನು ಬಾಯಿಯ ಹತ್ತಿರ ತಂದರು.

“ಕಾಳುಮೆಣಸಿನ ಕಷಾಯ ಮಾಡಿ ಕುಡೀರಿ ಶಶಿಕುಮಾರ್. ಮುಂದಿನ ಸೋಮವಾರದೊಳಗೆ ಗಂಟಲು ಸರಿಹೋಗ್ಬೇಕು.”