ಹೋಗದ ಸ್ಕ್ಯಾನು

ಸ್ಕ್ಯಾನು ಎಷ್ಟು ಹೋಯಿತೆಂದು ಕಂಪ್ಯೂಟರಿನಲ್ಲಿ ತೋರಿಸುವ ಹಸಿರು ಪಟ್ಟಿ ಅರ್ಧ ದಾಟಿ ಮತ್ತೆ ಅಲ್ಲೇ ನಿಂತುಬಿಟ್ಟಿತು. ಇಂಪನಾ ಮೌಸನ್ನು ಮೇಜಿಗೆ ಕುಕ್ಕಿದಳು. ಪಕ್ಕದ ಕೋಣೆಯಲ್ಲಿ ಜೈಭೀಮ ಎಂಬ ಕಟ್ಟಡ ಕೆಲಸದವನು ಪ್ರಜ್ಞೆಯಿಲ್ಲದೆ ಸ್ಟ್ರೆಚರಿನ ಮೇಲೆ ಮಲಗಿದ್ದ. ಹಿಂಜವಾಡಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಸ್ಲ್ಯಾಬಿನಿಂದ ಬೆಳಿಗ್ಗೆ ಬಿದ್ದಿದ್ದ. ತಲೆಯ ಸ್ಕ್ಯಾನೇನೋ ಮುಗಿದಿತ್ತು. ಆದರೆ ಅದನ್ನು ನೋಡಿ ವರದಿ ಕೊಡಬೇಕಾದ ಡಾಕ್ಟರ್ ನೀರಜಾ ಇದ್ದದ್ದು ನಾಗಪುರದಲ್ಲಿ. ಅವರು ಹೇಳುವ ತನಕ ಮೇಲಿನ ಮಹಡಿಯ ಸರ್ಜನ್ ಆಪರೇಷನ್ ಶುರು ಮಾಡುವಂತಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಲೇ ಎಂದು ಇಂಪನಾ ಕೇಳಿದ್ದಕ್ಕೆ, ಫೋಟೋ ನಂಬಿ ಮನುಷ್ಯನ ತಲೆ ಕೊಯ್ಯಿಸಲು ಆಗುವುದಿಲ್ಲ, ಪೂರ್ತಿ ಸ್ಕ್ಯಾನೇ ಬೇಕು ಎಂದು ಅವರು ಗದರಿದ್ದರು.

"ಏನ್ ಇಂಪನಾ, ಇನ್ನೂ ಹೋಗಿಲ್ವಾ? ಸಿಸ್ಟಮ್ ನೋಡ್ಕೊಳ್ಳೋಕೆ ತಾನೇ ನೀವಿರೋದು?" ಸೆಂಟರಿನ ಮ್ಯಾನೇಜರ್ ಸುಖೇಶ್ ಬಾಗಿಲಲ್ಲಿ ತಲೆ ಹಾಕಿದ. ಅಲ್ಲೇ ಗೋಡೆಗೆ ಒರಗಿ ಜೈಭೀಮನ ಹೆಂಡತಿ ನಿಂತಿದ್ದಳು, ಸೀರೆಯ ಸೆರಗಿಗೆ ರಕ್ತ ಹತ್ತಿತ್ತು. ಅವಳ ಕಡೆ ತಿರುಗಿ, ಇಂಟರ್ನೆಟ್ ಕಂಪನಿಯವರ ಲೈನು ಕೆಟ್ಟಿದೆ, ನಾವೇನೂ ಮಾಡುವ ಹಾಗಿಲ್ಲ, ಕೂತಿರಿ ಎಂದು ಹಿಂದಿಯಲ್ಲಿ ಹೇಳಿದ. ಆಮೇಲೆ ಇಂಪನಾಗೆ ಕನ್ನಡದಲ್ಲಿ, "ಇಂಥವರಿಗೆ ಅಷ್ಟು ಹೇಳಿದ್ರೆ ಸಾಕು, ಜಾಸ್ತಿ ಎಕ್ಸ್‌ಪ್ಲೇನ್ ಮಾಡೋಕೆ ಹೋಗ್ಬೇಡಿ" ಎಂದ. ಪುಣೆಗೆ ಬಂದ ಮೇಲೆ ಅವರಿಬ್ಬರಿಗೂ ಇದೊಂದು ಅನುಕೂಲವಾಗಿತ್ತು. ರೋಗಿಗಳ ಎದುರೇ ನಿಂತು ಕನ್ನಡದಲ್ಲಿ ಏನು ಬೇಕಾದರೂ ಮಾತಾಡಿಕೊಳ್ಳಬಹುದಿತ್ತು. ಈ ಹೆಂಗಸೂ ಕೌಂಟರಿನಲ್ಲಿ ಗಂಡನ ಹೆಸರು, ವಯಸ್ಸು ಎಲ್ಲ ಬರೆಸಿದ್ದು ಮರಾಠಿಯಲ್ಲೇ.

ಲೈನಿಗೆ ಏನೂ ಆಗಿರಲಿಲ್ಲ. ಇಂಪನಾ ವೇಗ ಪರೀಕ್ಷಿಸಿದ್ದಳು, ಕೇಬಲ್ ಬದಲಿಸಿದ್ದಳು. ನಾಗಪುರದ ಸರ್ವರನ್ನು ಇಲ್ಲಿನ ಕಂಪ್ಯೂಟರುಗಳಲ್ಲಿ ಒಂದು ಡ್ರೈವ್ ಆಗಿ ಮೌಂಟ್ ಮಾಡಿದ್ದರು, ಅದನ್ನೂ ಕಿತ್ತು ಮತ್ತೆ ಜೋಡಿಸಿದ್ದಳು. ನೋಡುವವರಿಗೆ ಅದು ನಮ್ಮ ಮನೆಯದೇ ಕಪಾಟಿನ ಹಾಗೆ ಕಾಣುತ್ತದೆ. ಆದರೆ ಬಾಗಿಲು ತೆರೆದಾಗಲೆಲ್ಲ ಒಳಗಿನ ಸಾಮಾನು ಅಷ್ಟು ದೂರದಿಂದ ಹೊತ್ತು ತರಬೇಕು. ಹಾಗಾದರೆ ಈಗ ಬಾಗಿಲು ತೆರೆದು ಕೂತವರು ಯಾರು? ಯಾವ ಯಾವ ಕಂಪ್ಯೂಟರು ಆ ಡ್ರೈವಿಗೆ ಅಂಟಿಕೊಂಡಿದೆ ಎಂದು ತೆಗೆದು ನೋಡಿದವಳಿಗೆ ಮೈಯೆಲ್ಲ ಉರಿದುಹೋಯಿತು. ರಿಸೆಪ್ಷನ್ನಿನ ಗೋಡೆಯ ಟಿವಿಗೆ ಜೋಡಿಸಿದ ಕಂಪ್ಯೂಟರು!

ಅವಳು ಓಡಿದಳು. ಏನೆಂದು ತಿಳಿಯದೆ ಆ ಹೆಂಗಸೂ ಹಿಂದೆಯೇ ಬಂದಳು. ಗೋಡೆಯಗಲದ ಟಿವಿಯಲ್ಲಿ ಯಾರದೋ ಬುರುಡೆ, ಯಾರದೋ ಬೆನ್ನುಮೂಳೆ, ಕೆಳಗೆ ಅವರವರ ಹೆಸರು ಸಮೇತ ಒಂದೊಂದಾಗಿ ಅರಳುತ್ತಿದ್ದವು. ಎದುರಿನ ಸೋಫಾದಲ್ಲಿ ಕೂತ ಅತಿಥಿಗಳು ಚಹಾ ಕುಡಿಯುತ್ತಾ ತಲೆದೂಗುತ್ತಿದ್ದರು. ರೋಗಿಗಳ ಮಾನ ಮರ್ಯಾದೆ ಎಂಬುದೊಂದಿದೆ ಎಂದು ಅಲ್ಲಿ ಯಾರಿಗೂ ಅನಿಸಿದಂತಿರಲಿಲ್ಲ.

"ಸರ್, ಮೊದಲು ಇದನ್ನ ಕ್ಲೋಸ್ ಮಾಡಿ," ಇಂಪನಾ ಅತಿಥಿಗಳ ಪಕ್ಕದಲ್ಲಿ ನಿಂತಿದ್ದ ಸುಖೇಶನನ್ನು ಮೂಲೆಗೆ ಕರೆದಳು. "ಈ ಫೋಲ್ಡರ್ ಇಲ್ಲಿ ಓಪನ್ ಇರೋವರೆಗೂ ಅದು ಪ್ರತಿಯೊಂದು ಚಿತ್ರಾನೂ ನಾಗಪುರದಿಂದ ವಾಪಸ್ ಎಳೀತಾನೇ ಇರುತ್ತೆ. ನಮಗೆ ಕೊಟ್ಟಿರೋದೇ ನಾಲ್ಕು ಕನೆಕ್ಷನ್, ಎಲ್ಲಾನೂ ಇದೇ ನುಂಗ್ತಿದೆ. ನಾನು ಕಳಿಸೋದಕ್ಕೆ ದಾರಿ ಎಲ್ಲಿದೆ?"

"ಮೆಲ್ಲಗೆ ಮಾತಾಡಿ! ಹೊಸ ಬ್ರಾಂಚ್‌ಗೆ ಪಾರ್ಟ್‌ನರ್ಸ್ ಆಗೋರು ಅವರು. ಎಲ್ಲಾ ಲೈವ್ ತೋರಿಸ್ತೀನಿ ಅಂತ ಹೇಳ್ಬಿಟ್ಟಿದೀನಿ. ಅವರು ಎದ್ದು ಹೋದ್ಮೇಲೆ ಆಫ್ ಮಾಡೋಣ."

"ಅಷ್ಟರಲ್ಲಿ ಆ ಮನುಷ್ಯ ಹೋಗ್ಬಿಟ್ರೆ?"

"ಹೋದ್ರೆ ಮೇಲಿಂದ ಬಿದ್ದು ಹೋದ ಅಂತಾರೆ. ಅದು ನಮ್ಮ ತಲೆಗೆ ಯಾಕೆ ಬರುತ್ತೆ? ಅವನ ಹೆಂಡತಿಗೆ ಲೈನ್ ಅಂತ ಹೇಳಿ ಆಗಿದೆಯಲ್ಲ."

ಇಂಪನಾಳ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡು ನೇರ ಗೋಡೆಯ ಹತ್ತಿರ ಹೋದವಳೇ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕಿದಳು. ಟಿವಿ ಕಪ್ಪಾಯಿತು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಖೇಶ್ ಅವರ ಮುಂದೆ ಹಲ್ಲು ಗಿಂಜುತ್ತಾ ನಿಂತ.

ತನ್ನ ಕುರ್ಚಿಗೆ ಮರಳಿ ಸ್ಕ್ಯಾನಿನ ಫೈಲುಗಳನ್ನು ಮತ್ತೆ ಕಳಿಸಲು ಹಚ್ಚಿದಳು. ಹಸಿರು ಪಟ್ಟಿ ಅರ್ಧ ದಾಟಿತು, ನಿಲ್ಲಲಿಲ್ಲ, ತುಂಬಿಯೇಬಿಟ್ಟಿತು. ಸ್ವಲ್ಪ ಹೊತ್ತಿಗೆ ನೀರಜಾ ಅವರ ಫೋನು ಬಂತು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತುತ್ತಿದೆ, ಈಗಿಂದೀಗಲೇ ಒಳಗೆ ತೆಗೆದುಕೊಳ್ಳಿ, ಇಷ್ಟು ತಡ ಮಾಡಿದ್ದು ಯಾರು ಎಂದು ಕೂಗಾಡಿದರು. ಇಂಪನಾ ಉತ್ತರ ಕೊಡುತ್ತಾ ಕೂರಲಿಲ್ಲ, ವಾರ್ಡಿನವರನ್ನು ಕೂಗಿದಳು.

ಸ್ಟ್ರೆಚರ್ ಲಿಫ್ಟಿನ ಬಾಗಿಲಿಗೆ ಬಂದಾಗ ಸುಖೇಶ್ ಅಲ್ಲಿ ಹಾಜರಿದ್ದ, ಮುಖದ ತುಂಬ ಕಾಳಜಿ ಬಳಿದುಕೊಂಡು. ಕಂಪನಿಯವರ ಜೊತೆ ನಾನೇ ಜಗಳ ಮಾಡಿ ಲೈನು ಸರಿ ಮಾಡಿಸಿದೆ, ಇನ್ನು ಹೆದರಬೇಡಿ ಎಂದು ಜೈಭೀಮನ ಹೆಂಡತಿಗೆ ಹಿಂದಿಯಲ್ಲಿ ಸಮಾಧಾನ ಹೇಳಿದ. ಅವಳು ಸ್ಟ್ರೆಚರಿನ ಕಂಬಿ ಹಿಡಿದ ಕೈ ಬಿಡದೆ ಅವನ ಕಡೆ ತಿರುಗಿದಳು.

"ಸಾಹೇಬ್ರ, ನಮ್ದು ಶಹಾಪುರದ ಕಡಿ ಊರದರಿ," ಎಂದಳು. "ಲೈನ್ ಕೆಟ್ಟಿತ್ತು ಅಂತ ಎರಡ್ ಸಲ ಹಿಂದ್ಯಾಗ ಹೇಳಿದ್ರಿ. ಈಗ ನನ್ನ ಮಾರಿ ನೋಡಿ ಅದನ್ನ ಕನ್ನಡದಾಗ ಹೇಳ್ರಿ."